ತಾತ ಅಂದ ಮಾತಿನ ಬಗ್ಗೆ, ಮಗಳಿಗೊಂದು ಪತ್ರ

ಪುಟ್ಟಿ,

ಹೋದ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಕಂಡಕ್ಟರ್ ರೈಟ್ ಅಂದುಬಿಟ್ಟರು. ಬಸ್ಸು ಇನ್ನೂ ಅರ್ಧ ಗಂಟೆ ನಿಂತಿದ್ದರೂ ನಾನು ಏನೂ ಹೇಳುತ್ತಿರಲಿಲ್ಲ ಅನ್ನಿಸುತ್ತೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ರಾತ್ರಿ ಅದನ್ನೇ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಪೂಜೆಯ ಊಟಕ್ಕೆ ಕೂತಾಗ, ಅಷ್ಟು ನೆಂಟರ ಮುಂದೆ, ತಾತ "ಇವಳನ್ನ ಓದಿಸಿದ್ದು ದುಡ್ಡು ದಂಡ" ಅಂದರು. ನೀನು ಎಲೆ ಬಿಟ್ಟು ಎದ್ದೆ. ಮಾರನೇ ದಿನ ಹೊರಡಬೇಕಿದ್ದವಳು ಅವತ್ತೇ ಸಂಜೆ ಮಂಗಳೂರಿನ ಬಸ್ ಹತ್ತಿದೆ. ಕಿಟಕಿಯಿಂದ ಕೇಳಿದೆ: "ಅಪ್ಪಾ, ಇಷ್ಟು ವರ್ಷ ತಾತ ಇದನ್ನ ಮನಸ್ಸಲ್ಲೇ ಇಟ್ಕೊಂಡಿದ್ರಾ? ತಲೆಗೆ ಪೆಟ್ಟು ಬಿದ್ದ ಮೇಲೆ ನಿಜ ಹೊರಗೆ ಬಂತಾ?"

ನಿನಗೆ ನೋವಾಗಿದೆ. ಮೆದುಳಿನ ಕಾರಣ ಹೇಳಿ ನಿನ್ನ ಬಾಯಿ ಮುಚ್ಚಿಸೋಕೆ ಈ ಪತ್ರ ಅಲ್ಲ. ಆದರೆ ನೀನು ಕೇಳಿದ್ದು ದೊಡ್ಡ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ನಿನಗೆ ಗೊತ್ತಿರುವ ತಾತನನ್ನು ಒಂದು ಸಲ ನೆನಪು ಮಾಡಿಕೋ. 31 ವರ್ಷ ಸರ್ಕಾರಿ ಬಸ್ ಓಡಿಸಿದವರು. ಅದರಲ್ಲಿ ಜಾಸ್ತಿ ವರ್ಷ ಹಾಸನ–ಮಂಗಳೂರು ರೂಟು, ಶಿರಾಡಿ ಘಾಟಿ. ಮಳೆಗಾಲದಲ್ಲಿ ಗುಂಡ್ಯದ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಾಗಲೂ ಹಾರ್ನ್ ಒತ್ತುತ್ತಿರಲಿಲ್ಲ. ಅಡ್ಡ ಬಂದ ದನಕ್ಕೂ ಬೈಯುತ್ತಿರಲಿಲ್ಲ. ನೀನು ಒಂದನೇ ಕ್ಲಾಸಿಗೆ ಸೇರಿದಾಗ ಫೀಸು ಕಟ್ಟಿದ್ದು ಅವರ ಪಿಎಫ್ ದುಡ್ಡಲ್ಲಿ.

ಎರಡು ವರ್ಷದ ಹಿಂದೆ ಮೊಪೆಡ್‌ನಿಂದ ಬಿದ್ದರಲ್ಲ, ಅವತ್ತು ಕತ್ತಲಲ್ಲಿ ಹಂಪ್ ಕಾಣಲಿಲ್ಲ. ಹೆಲ್ಮೆಟ್ ಹ್ಯಾಂಡಲ್‌ಗೆ ಸಿಕ್ಕಿಸಿತ್ತು. ಬಿದ್ದ ಪೆಟ್ಟು ತಲೆಯ ಹಿಂಭಾಗಕ್ಕೆ. ಆದರೆ ಸ್ಕ್ಯಾನ್‌ನಲ್ಲಿ ಗಾಯ ಕಂಡಿದ್ದು ಮುಂದೆ, ಹಣೆಯ ಹಿಂದೆ. ನನಗೆ ಇದು ಅರ್ಥವೇ ಆಗಿರಲಿಲ್ಲ. ಡಾಕ್ಟರ್ ಒಂದು ಪೇಪರ್ ಮೇಲೆ ಬರೆದು ತೋರಿಸಿದರು. ಬದುಕಿರುವವರ ಮೆದುಳು ಗಿಣ್ಣಿನಷ್ಟು ಮೆತ್ತಗೆ. ತಲೆ ನೆಲಕ್ಕೆ ಬಡಿದು ನಿಂತರೂ ಒಳಗಿನ ಮೆದುಳು ತಕ್ಷಣ ನಿಲ್ಲುವುದಿಲ್ಲ. ಒಳಗೇ ಅಲುಗಾಡಿ ಉಜ್ಜುತ್ತದೆ. ಕಣ್ಣುಗುಳಿಯ ಮೇಲಿನ ಮೂಳೆ ಒಳಗಡೆಯಿಂದ ನುಣುಪಾಗಿಲ್ಲ, ಏಣು ಏಣಾಗಿದೆ. ಮುಂಭಾಗದ ಮೆದುಳು ಅದರ ಮೇಲೆ ತರಚಿಕೊಳ್ಳುತ್ತದೆ. ಹಿಂದೆ ಬಿದ್ದರೂ ಮುಂದೆ ಗಾಯ ಆಗುವುದು ಹೀಗೆ.

ಆಮೇಲೆ ನಿಮ್ಹಾನ್ಸ್‌ಗೆ ತೋರಿಸಲು ಹೋದಾಗ ಅಲ್ಲಿನ ಮೆದುಳಿನ ಮ್ಯೂಸಿಯಮ್ಮಿಗೂ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಔಷಧದಲ್ಲಿ ನೆನೆಸಿ ಗಟ್ಟಿ ಮಾಡಿದ್ದು. ನಮ್ಮ ತಲೆಯಲ್ಲಿರುವುದು ಸುಮಾರು 1.3 ಅಥವಾ 1.4 ಕೆಜಿ ತೂಕದ್ದು, ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳು. ನನ್ನ ಕೈಯಲ್ಲಿದ್ದದ್ದು ಯಾರದೋ ತಂದೆಯದೋ, ಯಾರದೋ ಮಗಳದೋ. ಅವರು ಪಟ್ಟ ಸಿಟ್ಟು, ಕಲಿತ ಭಾಷೆ, ಊರಿನ ದಾರಿ ಎಲ್ಲ ಇದರಲ್ಲೇ ಇತ್ತಲ್ವಾ ಅನ್ನಿಸಿ ಕೈ ನಡುಗಿತು.

ತಾತನ ಊಟದ ಜಗಳ ನಿನಗೆ ಗೊತ್ತು. "ಸಾರಿಗೆ ಒಗ್ಗರಣೆ ಹಾಕಿಲ್ಲ", "ಇದು ಕಾಫಿನಾ, ಬಿಸಿನೀರಾ" ಅಂತ ದಿನಾ ಅಮ್ಮನ ಮೇಲೆ ರೇಗುತ್ತಿದ್ದರು. ಅಮ್ಮ ಎಷ್ಟು ಸಲ ಅಡುಗೆಮನೆಯಲ್ಲಿ ಅತ್ತಿದ್ದಾಳೋ. ತಿಂಗಳುಗಟ್ಟಲೆ ಆದ ಮೇಲೆ ಗೊತ್ತಾಯಿತು, ತಾತನಿಗೆ ವಾಸನೆಯೇ ಬರುತ್ತಿಲ್ಲ. ಮೂಗಿನ ಮೇಲ್ಭಾಗದಲ್ಲಿ ಜರಡಿಯ ಹಾಗೆ ತೂತು ತೂತಾದ ಒಂದು ತೆಳು ಮೂಳೆ ಇದೆ. ವಾಸನೆ ಹಿಡಿಯುವ ನರದ ಎಳೆಗಳು ಆ ತೂತುಗಳ ಮೂಲಕ ಮೆದುಳಿಗೆ ಹೋಗುತ್ತವೆ. ತುಂಬ ನವಿರಾದ ಎಳೆಗಳು. ಮೆದುಳು ಜೋರಾಗಿ ಅಲುಗಿದಾಗ ಅವು ಕತ್ತರಿಸಿ ಹೋಗಬಹುದು. ನಾಲಿಗೆಗೆ ಗೊತ್ತಾಗುವುದು ಉಪ್ಪು, ಹುಳಿ, ಸಿಹಿ, ಕಹಿ ಇಂಥ ಕೆಲವೇ ರುಚಿ. ಕರಿಬೇವು, ಇಂಗು, ಕಾಫಿ ಇವೆಲ್ಲ ನಮಗೆ ರುಚಿ ಅನ್ನಿಸಿದರೂ ನಿಜಕ್ಕೂ ವಾಸನೆ. ತಾತನ ಪಾಲಿಗೆ ಸಾರಿನಲ್ಲಿ ಒಗ್ಗರಣೆ ಇರಲೇ ಇಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅಮ್ಮನ ತಪ್ಪೂ ಇರಲಿಲ್ಲ. ಇಬ್ಬರ ಮಧ್ಯೆ ಹರಿದುಹೋದ ಕೆಲವು ಎಳೆಗಳು ಇದ್ದವು. ಅದು ಗೊತ್ತಾದ ದಿನದಿಂದ ಅಮ್ಮ ಅಳುವುದನ್ನು ಬಿಟ್ಟಳು. ಈಗ ಸಾರಿಗೆ ಹುಳಿ ಖಾರ ಸ್ವಲ್ಪ ಮುಂದೆ ಮಾಡುತ್ತಾಳೆ. ತಾತ ಸುಮ್ನೆ ಉಣ್ಣುತ್ತಾರೆ.

ವಾಸನೆಯ ಕತೆ ಸುಲಭ. ಬಾಯಿಂದ ಬರುವ ಮಾತಿನದು ಕಷ್ಟ.

1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಫಿನಿಯಸ್ ಗೇಜ್ ಅಂತ 25 ವರ್ಷದ ಹುಡುಗ ರೈಲು ದಾರಿಗೆ ಬಂಡೆ ಒಡೆಸುವ ಮೇಸ್ತ್ರಿಯಾಗಿದ್ದ. ಸೆಪ್ಟೆಂಬರ್ 13ರಂದು ಬಂಡೆಯ ತೂತಿಗೆ ಮದ್ದು ಹಾಕಿ ದಮ್ಮಸು ಮಾಡುವಾಗ ಕಿಡಿ ಹಾರಿತು. ಮೂರೂವರೆ ಅಡಿಗಿಂತ ಉದ್ದದ, ಆರು ಕೆಜಿ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹಾರಿತು. ಅವನು ಸಾಯಲಿಲ್ಲ. ಸ್ವಲ್ಪ ಹೊತ್ತಿಗೇ ಮಾತಾಡಿದ. ಎತ್ತಿನಗಾಡಿಯಲ್ಲಿ ಕೂತುಕೊಂಡೇ ಊರಿಗೆ ಬಂದ. ನೆನಪು, ಮಾತು, ನಡೆದಾಟ ಎಲ್ಲ ಉಳಿಯಿತು. ಬದಲಾಗಿದ್ದು ನಡತೆ. ಮೊದಲು ಎಲ್ಲರೂ ಮೆಚ್ಚುವ ಮೇಸ್ತ್ರಿ. ಆಮೇಲೆ ತಾಳ್ಮೆ ಇಲ್ಲ, ಬಾಯಿಗೆ ಬಂದಂತೆ ಬೈಗುಳ, ಒಂದು ಯೋಜನೆ ಹಾಕಿ ಮರುಕ್ಷಣ ಬಿಡುವುದು. ಅವನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಜಾನ್ ಹಾರ್ಲೋ ಇಪ್ಪತ್ತು ವರ್ಷದ ನಂತರ ಬರೆದರು: ಇವನು ಈಗ ಗೇಜ್ ಅಲ್ಲ ಅಂತ ಗೆಳೆಯರೇ ಹೇಳುತ್ತಿದ್ದರು.

ಗೆಳೆಯರು ಹಾಗೆ ಅಂದರು. ನೀನು ಅದಕ್ಕೆ ತದ್ವಿರುದ್ಧ ಕೇಳಿದೆ, ಈಗಿನವರೇ ನಿಜವಾದ ತಾತನಾ ಅಂತ. ಎರಡೂ ಸರಿಯಲ್ಲ ಅಂತ ನನಗೆ ಅನ್ನಿಸುತ್ತೆ.

ಗೇಜ್‌ಗೂ ತಾತನಿಗೂ ಗಾಯ ಆಗಿದ್ದು ಹಣೆಯ ಹಿಂದಿನ ಮೆದುಳಿಗೆ. ಆ ಭಾಗಕ್ಕೆ ಹಲವು ಕೆಲಸ ಇವೆ. ಅದರಲ್ಲಿ ಒಂದು, ತಡೆಯುವುದು. ನಮ್ಮೆಲ್ಲರ ತಲೆಯಲ್ಲೂ ದಿನಕ್ಕೆ ಸಾವಿರ ಮಾತು ಹುಟ್ಟುತ್ತವೆ. ಕೆಟ್ಟವು, ಹೊಟ್ಟೆಕಿಚ್ಚಿನವು, ಅರ್ಥವಿಲ್ಲದವು. ಯಾವುದನ್ನು ಬಿಡಬೇಕು, ಯಾವುದನ್ನು ನುಂಗಬೇಕು, ಎದುರಿನವರ ಮುಖ ಹೇಗಾಯಿತು ಅಂತ ಆ ಭಾಗ ನೋಡಿಕೊಳ್ಳುತ್ತಿರುತ್ತದೆ. ಗಾಯ ಆದವರಿಗೆ ಸರಿ ತಪ್ಪು ಮರೆತೇ ಹೋಗಿರುತ್ತದೆ ಅಂತಲ್ಲ. ನೀನು ಹೋದ ಮೇಲೆ ನಾನು ತಾತನನ್ನು ಮೆಲ್ಲಗೆ ಕೇಳಿದೆ, ಮೊಮ್ಮಗಳಿಗೆ ಹಾಗೆ ಅನ್ನಬಹುದಾ ಅಂತ. "ಅನ್ನಬಾರದು" ಅಂದರು. ಗೊತ್ತಿದೆ. ಆ ಗಳಿಗೆಯಲ್ಲಿ ಅದು ಕೈಗೆ ಸಿಗುವುದಿಲ್ಲ.

ನಿನ್ನ ಫೀಸು ಕಟ್ಟುವಾಗ ತಾತನಿಗೆ ಒಂದು ಸಲವಾದರೂ "ಇಷ್ಟು ದುಡ್ಡಾ" ಅನ್ನಿಸಿರಬಹುದು. ಡ್ರೈವರ್ ಸಂಬಳ ಕಂಡವರು, ಅನ್ನಿಸದೆ ಇರುತ್ತಾ? ಅನ್ನಿಸಿಯೂ ಕಟ್ಟಿದರು. ಆ ಯೋಚನೆ ಅವರದ್ದಾದರೆ, ಅದನ್ನು ಬದಿಗೆ ತಳ್ಳಿ ಕೌಂಟರಿನಲ್ಲಿ ದುಡ್ಡು ಎಣಿಸಿ ಕೊಟ್ಟವರೂ ಅವರೇ. ಬ್ರೇಕ್ ಫೇಲ್ ಆದ ಬಸ್ಸನ್ನು ನೋಡಿ ಬಸ್ಸಿನ ನಿಜಗುಣ ಇದು ಅಂತ ತಾತ ಯಾವತ್ತೂ ಒಪ್ಪುತ್ತಿರಲಿಲ್ಲ. ಬ್ರೇಕೂ ಬಸ್ಸಿನದೇ.

ನನ್ನದೂ ಒಂದು ಹೇಳಬೇಕು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ತಾತ ರಾತ್ರಿಯೆಲ್ಲ ಎದ್ದು ಓಡಾಡುತ್ತಿದ್ದರು. ನಾನು ಒಂದು ವಾರ ಸರಿಯಾಗಿ ಮಲಗಿರಲಿಲ್ಲ. ಒಂದು ಬೆಳಗಿನ ಜಾವ ಅವರ ಭುಜ ಹಿಡಿದು ಜೋರಾಗಿ ಕೂಗಿಬಿಟ್ಟೆ. ಅವರು ಹೆದರಿ ಮಗುವಿನ ಹಾಗೆ ಗೋಡೆಗೆ ಒತ್ತಿಕೊಂಡರು. ಆ ಮುಖ ನನಗೆ ಮರೆಯುವುದಿಲ್ಲ. ನಿದ್ದೆ ಕೆಟ್ಟಾಗ ಸಿಟ್ಟು ಭಯಗಳನ್ನು ಎಬ್ಬಿಸುವ, ಬಾದಾಮಿಯ ಆಕಾರದ ಒಂದು ಭಾಗ ಮೆದುಳಿನೊಳಗೆ ಜಾಸ್ತಿ ಕೆರಳುತ್ತದೆ. ಹಣೆಯ ಹಿಂದಿನ ಭಾಗಕ್ಕೆ ಅದರ ಮೇಲಿನ ಹಿಡಿತ ಸಡಿಲವಾಗುತ್ತದೆ. ನನ್ನ ತಲೆಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ, ಪುಟ್ಟಿ. ಬರೀ ಏಳು ರಾತ್ರಿ ನಿದ್ದೆ ಹೋಗಿತ್ತು.

ಗೇಜ್‌ನ ಕತೆಯನ್ನು ಬಹಳ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ನನಗೆ ಬೇಕಾಗಿದ್ದದ್ದು ಉಳಿದರ್ಧದಲ್ಲಿತ್ತು. 1852ರಲ್ಲಿ ಅವನು ದಕ್ಷಿಣ ಅಮೆರಿಕದ ಚಿಲಿಗೆ ಹೋದ. ಅಲ್ಲಿ ಸುಮಾರು ಏಳು ವರ್ಷ ಪ್ರಯಾಣಿಕರ ಕುದುರೆಗಾಡಿ ಓಡಿಸಿದ, ವಾಲ್ಪರೈಸೋದಿಂದ ಸ್ಯಾಂಟಿಯಾಗೋ ರೂಟಿನಲ್ಲಿ. ಆರು ಕುದುರೆಯ ಲಗಾಮು ಒಟ್ಟಿಗೆ ಹಿಡಿಯಬೇಕು, ಹೊತ್ತಿಗೆ ಸರಿಯಾಗಿ ಹೊರಡಬೇಕು, ಜನರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಬಾಯಿಗೆ ಲಂಗುಲಗಾಮಿಲ್ಲದವನಿಗೆ ಯಾರಾದರೂ ಏಳು ವರ್ಷ ಆ ಕೆಲಸ ಕೊಡುತ್ತಾರಾ? ದಿನಾ ಅದೇ ದಾರಿ, ಅದೇ ಹೊತ್ತು, ಅದೇ ಕುದುರೆ. ಆ ಕ್ರಮವೇ ಅವನನ್ನು ಮತ್ತೆ ಕಟ್ಟಿ ನಿಲ್ಲಿಸಿತು ಅಂತ ಅವನ ಬದುಕನ್ನು ಹುಡುಕಿ ತೆಗೆದ ಮಾಲ್ಕಮ್ ಮ್ಯಾಕ್‌ಮಿಲನ್ ಅನ್ನುವ ಮನೋವಿಜ್ಞಾನಿ ವಾದಿಸಿದ್ದಾರೆ. ಕೊನೆಗೆ ಗೇಜ್‌ಗೆ ಫಿಟ್ಸ್ ಶುರುವಾಗಿ 1860ರಲ್ಲಿ ತೀರಿಕೊಂಡ. ಆ ಏಳು ವರ್ಷ ಮಾತ್ರ ನನ್ನನ್ನು ಬಿಡುತ್ತಿಲ್ಲ.

ಇದನ್ನು ಓದಿದಾಗ ತಾತ ನನಗೆ ಸ್ಟೇರಿಂಗ್ ಕಲಿಸುವಾಗ ಹೇಳಿದ್ದು ನೆನಪಾಯಿತು. "ಘಾಟಿ ಇಳಿಯುವಾಗ ಬರೀ ಬ್ರೇಕ್ ನಂಬಬೇಡ. ಒತ್ತಿ ಒತ್ತಿ ಕಾದರೆ ಅದು ಹಿಡಿಯಲ್ಲ. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಇಂಜಿನ್ನೇ ಗಾಡಿ ಹಿಡ್ಕೊಳ್ಳುತ್ತೆ."

ಅವತ್ತು ಭಾನುವಾರ ನಾನು ಮಾಡಿದ ತಪ್ಪು ಇದೇ. ಬೆಳಿಗ್ಗೆ ಆರರಿಂದ ಮನೆ ತುಂಬ ಜನ. ಮಕ್ಕಳ ಗಲಾಟೆ, ಟೀವಿ, ಮಂತ್ರದ ಮೈಕು. ಪೆಟ್ಟಾದ ಮೆದುಳು ಬೇಗ ದಣಿಯುತ್ತದೆ ಅಂತ ಡಾಕ್ಟರ್ ಹೇಳಿದ್ದರು. ನಾನು ತಾತನನ್ನು ಮಧ್ಯಾಹ್ನ ಎರಡು ಗಂಟೆವರೆಗೆ ಆ ಗದ್ದಲದ ನಡುವೆ ಕೂರಿಸಿದೆ. ಮಧ್ಯೆ ಒಂದು ಗಂಟೆ ರೂಮಿನಲ್ಲಿ ಮಲಗಿಸಬೇಕಿತ್ತು. ಬ್ರೇಕು ಕಾದಿತ್ತು, ಸಿಕ್ಕಿದವಳು ನೀನು.

ಈಗ ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಕಾಫಿ ಆದ ಮೇಲೆ ನಾನೂ ತಾತನೂ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುತ್ತೇವೆ. ಮಂಗಳೂರಿನ ಬಸ್ ಬಂದಾಗ ತಾತ ಸುತ್ತ ಒಂದು ಸುತ್ತು ಹಾಕಿ ಟಯರ್ ನೋಡುತ್ತಾರೆ. ಹೊಸ ಡ್ರೈವರ್‌ಗಳೂ ಅವರಿಗೆ ನಮಸ್ಕಾರ ಹೇಳುತ್ತಾರೆ. ಮೊನ್ನೆ ಒಬ್ಬ ಹುಡುಗ ಬೇಕಂತಲೇ "ಸಾರ್, ಮಾರನಹಳ್ಳಿ ತಿರುವಿಗೆ ಯಾವ ಗೇರು?" ಅಂತ ಕೇಳಿದ. ತಾತ ಹತ್ತು ನಿಮಿಷ ಮಾತಾಡಿದರು. ಒಂದು ಬೈಗುಳ ಇಲ್ಲ, ದನಿ ಏರಲಿಲ್ಲ. ಮನೆಗೆ ಬಂದು ಒಂಬತ್ತಕ್ಕೆ ತಿಂಡಿ, ಆಮೇಲೆ ಮಲಗುವುದು. ಸಂಜೆ ಆರರ ನಂತರ ಯಾರಾದರೂ ಬರುತ್ತೇವೆ ಅಂದರೆ ಅಮ್ಮ ಬೇಡ ಅನ್ನುತ್ತಾಳೆ. ಅವರು ಏನಾದರೂ ಅಂದರೆ ವಾದಕ್ಕೆ ಇಳಿಯುವುದಿಲ್ಲ, ಮಾತು ಬದಲಿಸುತ್ತೇವೆ. ಎಲ್ಲ ದಿನವೂ ಚೆನ್ನಾಗಿರುವುದಿಲ್ಲ. ನಿನ್ನೆ ಹಾಲಿನವನಿಗೆ ಬೈದರು.

ನೀನು ಯಾವಾಗ ಬರಬೇಕು ಅನ್ನಿಸುತ್ತೋ ಆಗ ಬಾ. ಒತ್ತಾಯ ಇಲ್ಲ. ಬರುವುದಾದರೆ ಸಂಜೆ ಬಸ್ ಬೇಡ, ಮಂಗಳೂರಿಂದ ಹೊರಡುವ ಮೊದಲ ಬಸ್ಸಿಗೇ ಹತ್ತು. ನಾವಿಬ್ಬರೂ ಸ್ಟ್ಯಾಂಡಿನಲ್ಲೇ ಇರುತ್ತೇವೆ. ಡ್ರೈವರ್ ಘಾಟಿ ಹೇಗೆ ಹತ್ತಿಸಿದ ಅಂತ ತಾತ ಕೇಳುತ್ತಾರೆ, ಸ್ವಲ್ಪ ನೋಡಿಕೊಂಡು ಬಾ.

ನಿನ್ನ ಅಪ್ಪ