ಕಿರೀಟವಷ್ಟೇ ಅಲ್ಲ, ಬಾಗಿಲೂ ಸುದ್ದಿಯೇ

ಬ್ರಿಟನ್ ಪಾರ್ಲಿಮೆಂಟ್ ಅಧಿವೇಶನ ಶುರುವಾದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಕಿರೀಟ, ಸಾರೋಟಿನ ಚಿತ್ರಗಳೇ ಜಾಸ್ತಿ. ಆ ಸದನ ರಾಜನ ಕೈಯಿಂದ ಅಧಿಕಾರ ಪಡೆದುಕೊಂಡ ಕಥೆಗೆ ಜಾಗವೇ ಸಿಗುವುದಿಲ್ಲ.

ಅದೇ ದಿನ ರಾಜನ ಭಾಷಣ ಕೇಳಲು ಸದಸ್ಯರನ್ನು ಅವನ ಪರವಾಗಿ ಕರೆಯಲು ಬರುವ ‘ಬ್ಲ್ಯಾಕ್ ರಾಡ್’ ಅಧಿಕಾರಿಯ ಮುಖಕ್ಕೇ ಕಾಮನ್ಸ್ ಸಭೆಯ (ನಮ್ಮ ಲೋಕಸಭೆಯಂಥ ಕೆಳಮನೆ) ಬಾಗಿಲು ಹಾಕುತ್ತಾರೆ. ಮೂರು ಸಲ ತಟ್ಟಿದ ಮೇಲಷ್ಟೇ ಅದು ತೆರೆಯುತ್ತದೆ. ಇದು ಸುಮ್ನೆ ಬಂದ ಪದ್ಧತಿಯಲ್ಲ. 1642ರ ಜನವರಿಯಲ್ಲಿ ರಾಜ ಒಂದನೇ ಚಾರ್ಲ್ಸ್ ಸೈನಿಕರನ್ನು ಕರೆತಂದು, ಐವರು ಸದಸ್ಯರನ್ನು ಹಿಡಿಯಲು ಸದನದೊಳಗೇ ಕಾಲಿಟ್ಟಿದ್ದ. ಅವರೆಲ್ಲಿ ಎಂದು ಕೇಳಿದಾಗ ಸ್ಪೀಕರ್ ವಿಲಿಯಂ ಲೆಂಥಾಲ್ ಮಂಡಿಯೂರಿದರು, ಆದರೆ ಬಾಯಿ ಬಿಡಲಿಲ್ಲ. ಸದನ ಹೇಳಿದಂತೆ ಮಾತ್ರ ತಾನು ನೋಡುವುದು, ಮಾತಾಡುವುದು ಎಂದುಬಿಟ್ಟರು. ಎಂಥ ಧೈರ್ಯ!

ಈ ಬಲದ ಬೇರು ಇರುವುದು ಹಣದಲ್ಲಿ. ಅದೇ ರಾಜ 11 ವರ್ಷ ಪಾರ್ಲಿಮೆಂಟ್ ಇಲ್ಲದೆ ಆಳಿದ್ದ. ಸ್ಕಾಟರ ವಿರುದ್ಧದ ಯುದ್ಧಕ್ಕೆ ದುಡ್ಡು ಬೇಕಾದಾಗ 1640ರಲ್ಲಿ ಕರೆಯಲೇಬೇಕಾಯಿತು. ಸದನದ ಒಪ್ಪಿಗೆಯಿಲ್ಲದೆ ರಾಜ ತೆರಿಗೆ ಹಾಕುವಂತಿಲ್ಲ ಎಂದು 1689ರ ಹಕ್ಕುಗಳ ಮಸೂದೆ ಖಚಿತಪಡಿಸಿತು. 1911ರ ಕಾಯ್ದೆಯ ನಂತರ ಮೇಲ್ಮನೆಯಾದ ಲಾರ್ಡ್ಸ್ ಸಭೆಯೂ ಹಣಕಾಸು ಮಸೂದೆಯನ್ನು ಒಂದು ತಿಂಗಳಿಗಿಂತ ಹೆಚ್ಚು ತಡೆಯುವಂತಿಲ್ಲ. ನಮ್ಮ ರಾಜ್ಯಸಭೆಗೆ ಇರುವ 14 ದಿನಗಳ ಮಿತಿಯೂ ಇದೇ ಜಾಡಿನದು ಅಲ್ವಾ?

ಮುಂದಿನ ಸಲ ರಾಜನ ಭಾಷಣದ ವರದಿಯ ಪಕ್ಕದಲ್ಲಿ ಆ ಬಾಗಿಲಿನ ಚಿತ್ರವನ್ನೂ, ಅದರ ಹಿಂದಿನ ಕಥೆಯನ್ನು ಹೇಳುವ ಪುಟ್ಟ ಬಾಕ್ಸ್ ಒಂದನ್ನೂ ದಯವಿಟ್ಟು ಪ್ರಕಟಿಸಿ.

– ಓದುಗರೊಬ್ಬರು, ಧಾರವಾಡ