ನಾವಿಕನಾಗಿ ಸೇರಿದವನೂ ಆಫೀಸರ್ ಆಗಬಹುದು

ಸಂಪಾದಕರಿಗೆ ನಮಸ್ಕಾರ,

ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ನಿಮ್ಮ ಪತ್ರಿಕೆ ಅರ್ಧ ಪುಟ ಕೊಟ್ಟಿದ್ದು ನೋಡಿ ಖುಷಿಯಾಯಿತು. ಕೊಡಗಿನಲ್ಲಿ ಮಿಲಿಟರಿ ಅಂದರೆ ಕಾರ್ಯಪ್ಪ, ತಿಮ್ಮಯ್ಯ. ಏರ್‌ಫೋರ್ಸ್ ಅಂದರೆ ಅಜ್ಜಮಾಡ ದೇವಯ್ಯ. ನೇವಿ ಅಂದರೆ ಯಾರಿಗೂ ತಟ್ಟನೆ ಏನೂ ಹೊಳೆಯುವುದಿಲ್ಲ. ಸಮುದ್ರ ನೋಡಲು ಘಟ್ಟ ಇಳಿಯಬೇಕಾದ ಊರು ನಮ್ಮದು, ಅದಕ್ಕೇ ಇರಬಹುದು. ಆದರೆ ಲೇಖನದ ಕೊನೆಯಲ್ಲಿ ಮಕ್ಕಳಿಗೆ ಕೊಟ್ಟ ಸಲಹೆ ಮಾತ್ರ ಅರ್ಧಕ್ಕೇ ನಿಂತಿದೆ. ಪಿಯುಸಿ ಆದವರು ಸೇನಾಧಿಕಾರಿಯಾಗಲು ಎನ್‌ಡಿಎ ಪರೀಕ್ಷೆ ಬರೆಯಿರಿ, ಆಗದಿದ್ದರೆ ಡಿಗ್ರಿ ಮುಗಿಸಿ ಪ್ರಯತ್ನಿಸಿ, ಇಷ್ಟೇ. ನಾವಿಕನಾಗಿ ಸೇರಿ ಮೇಲೆ ಬರುವ ದಾರಿಯ ಬಗ್ಗೆ ಒಂದು ಸಾಲೂ ಇಲ್ಲ. ನಾನು ಆ ದಾರಿಯಲ್ಲೇ ಹೋಗಿ ಆಫೀಸರ್ ಆಗಿ ನಿವೃತ್ತನಾದವನು. ಸುಮ್ನೆ ಇರಲಾಗಲಿಲ್ಲ.

ಮೊನ್ನೆ ಒಂದು ಮದುವೆ ಮನೆಯಲ್ಲಿ ಹುಡುಗನೊಬ್ಬ ನೇವಿಗೆ ಸೆಲೆಕ್ಟ್ ಆದ ವಿಷಯ ಬಂತು. ಹಿರಿಯರೊಬ್ಬರು, "ಆಫೀಸರ್ ಆಗಿಯಾ, ಇಲ್ಲಾ ಖಲಾಸಿಯಾ?" ಅಂದರು. ಹುಡುಗ ತಲೆ ತಗ್ಗಿಸಿದ. ಅವನ ಅಪ್ಪನೂ. ಇದೇ ನನಗೆ ಕೋಪ ಬರುವ ಜಾಗ.

ನಾನು ಸೇರಿದ್ದು ಪಿಯುಸಿ ಮುಗಿಸಿ, ಎಂಬತ್ತರ ದಶಕದಲ್ಲಿ. ಮೊದಲು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ, ಆಮೇಲೆ ಕೊಚ್ಚಿಯ ಸಿಗ್ನಲ್ ಸ್ಕೂಲ್. ನನಗೆ ಸಿಕ್ಕಿದ್ದು ಕಮ್ಯುನಿಕೇಶನ್ ವಿಭಾಗ. ಮೋರ್ಸ್, ಅಂದರೆ ಚುಕ್ಕೆ-ಗೆರೆ ಸದ್ದಿನ ಸಂಕೇತ, ಕಲಿತು ವೇಗ ಹೆಚ್ಚುತ್ತಾ ಹೋದಂತೆ ಹೇಳಿಕೊಡುವುದು ಏನು ಗೊತ್ತಾ? ಕೇಳಿದ ಅಕ್ಷರವನ್ನು ತಕ್ಷಣ ಬರೆಯಬೇಡ ಅಂತ. ಕಿವಿ ಮುಂದಿನ ಅಕ್ಷರಕ್ಕೆ ಹೋಗಿರಬೇಕು, ಕೈ ಎರಡು ಮೂರು ಅಕ್ಷರ ಹಿಂದೆ ಬರುತ್ತಿರಬೇಕು. ಇದು ಕೂಡಿ ಬರುವವರೆಗೆ ಹುಚ್ಚು ಹಿಡಿಯುತ್ತದೆ. ಕೂಡಿ ಬಂದ ಮೇಲೆ ಹಡಗಿನಲ್ಲಿ ಇನ್ನೊಂದು ಪರೀಕ್ಷೆ. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಹಡಗು ಆ ಕಡೆ ಈ ಕಡೆ ವಾಲುತ್ತಿರುತ್ತದೆ, ಕಾಲ ಬಳಿ ವಾಂತಿಗೆ ಬಕೆಟ್ ಕಟ್ಟಿರುತ್ತದೆ, ಕಿವಿಗೆ ಹೆಡ್‌ಫೋನ್, ಬೆರಳು ಟೈಪ್‌ರೈಟರ್ ಮೇಲೆ. ಆದರೂ ಒಂದು ಅಕ್ಷರ ತಪ್ಪುವಂತಿಲ್ಲ.

ಯಾಕೆ ತಪ್ಪುವಂತಿಲ್ಲ ಅಂದರೆ, ಕೇಳಿಸದಿದ್ದಾಗ "ಇನ್ನೊಮ್ಮೆ ಹೇಳಿ" ಅನ್ನುವುದು ಅಲ್ಲಿ ಅಷ್ಟು ಸುಲಭವಲ್ಲ. ಹಡಗು ರೇಡಿಯೊದಲ್ಲಿ ಒಂದು ಮಾತಾಡಿದರೂ ಅದು ಎಲ್ಲಿದೆ ಅಂತ ಶತ್ರು ದಿಕ್ಕು ಹಿಡಿದು ಕಂಡುಹಿಡಿಯಬಹುದು. ಹಾಗಾಗಿ ದಡದಿಂದ ಸಂದೇಶಗಳು ಬರುತ್ತಲೇ ಇರುತ್ತವೆ, ಒಂದೊಂದಕ್ಕೂ ನಂಬರ್ ಇರುತ್ತದೆ, ಹಡಗು ಬಾಯಿ ಮುಚ್ಚಿಕೊಂಡು ಕೇಳುತ್ತಿರುತ್ತದೆ. ನಂಬರ್ ಒಂದು ಬಿಟ್ಟುಹೋದರೆ ಅದು ಡ್ಯೂಟಿಯಲ್ಲಿರುವ ನಾವಿಕನಿಗೆ ತಕ್ಷಣ ಗೊತ್ತಾಗಬೇಕು. ಗೊತ್ತಾಗಬೇಕಾದ್ದು ಕ್ಯಾಪ್ಟನ್‌ಗಲ್ಲ, ಆ ಖಲಾಸಿಗೆ!

ನಿಮ್ಮ ಲೇಖನದಲ್ಲಿ 1971ರ ಕರಾಚಿ ದಾಳಿಯ ಕ್ಷಿಪಣಿಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆ ಕ್ಷಿಪಣಿ ದೋಣಿಗಳ ಸಿಬ್ಬಂದಿ ಸೋವಿಯತ್ ರಷ್ಯಾದಲ್ಲಿ ತರಬೇತಿ ಪಡೆದವರು. ಆ ರಾತ್ರಿ ಪಾಕಿಸ್ತಾನದವರು ಕದ್ದು ಕೇಳಿದರೂ ಅರ್ಥವಾಗದಿರಲಿ ಅಂತ ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು. ನಾನು ಸೇರುವ ಎಷ್ಟೋ ವರ್ಷ ಮೊದಲಿನ ಕಥೆ ಇದು, ನಮ್ಮ ವಿಭಾಗದಲ್ಲಿ ಮಾತ್ರ ಅದು ಇವತ್ತಿಗೂ ಹಳತಾಗಿಲ್ಲ.

ನನ್ನ ಕಾಲದಲ್ಲಿ ಎಲ್ಲವೂ ಬದಲಾಯಿತು. 1990ರಲ್ಲಿ ತಿರುನೆಲ್ವೇಲಿ ಬಳಿ ಐಎನ್‌ಎಸ್ ಕಟ್ಟಬೊಮ್ಮನ್ ಅನ್ನುವ ರೇಡಿಯೊ ಕೇಂದ್ರ ಬಂತು. ಅಲ್ಲಿಂದ ಹೊರಡುವ ತೀರಾ ಕಡಿಮೆ ಆವರ್ತನದ ಅಲೆಗಳು ನೀರಿನೊಳಗಿರುವ ಸಬ್‌ಮರೀನ್‌ಗೂ ತಲುಪುತ್ತವೆ. ಆದರೆ ಅದೇ ದಾರಿಯಲ್ಲಿ ಸಬ್‌ಮರೀನ್ ಉತ್ತರ ಕೊಡಲು ಆಗದು, ಅಷ್ಟು ದೊಡ್ಡ ಆಂಟೆನಾ ಎಲ್ಲಿಂದ ತರುವುದು? 2013ರಲ್ಲಿ ನೌಕಾಪಡೆಗೇ ಅಂತ ಇಸ್ರೋದ ಉಪಗ್ರಹ ಜಿಸ್ಯಾಟ್-7 ಮೇಲೆ ಹೋಯಿತು. ಮೊದಲ ಸಿಗ್ನಲ್ ಹಿಡಿದು ಅದನ್ನು ಕಕ್ಷೆಗೆ ಕೂರಿಸಿದ್ದು ನಮ್ಮ ಪಕ್ಕದ ಹಾಸನದ ಕೇಂದ್ರ. ಮೋರ್ಸ್ ಕೀ ಒತ್ತಿದ ಕೈಯಲ್ಲೇ ಇದನ್ನೂ ಕಲಿತೆವು. ಹಳೆಯದನ್ನು ಬಿಡಲೂ ಇಲ್ಲ. ರೇಡಿಯೊ ಬಾಯಿ ತೆರೆಯಬಾರದ ಹೊತ್ತಿನಲ್ಲಿ ಪಕ್ಕದ ಹಡಗಿಗೆ ಹೇಳಬೇಕಾದರೆ ಬಾವುಟ, ಲೈಟ್, ಅಷ್ಟೇ.

ಮೇಲೆ ಹತ್ತಿದ್ದು ಹೀಗೆ: ಲೀಡಿಂಗ್, ಪೆಟ್ಟಿ ಆಫೀಸರ್, ಚೀಫ್, ಮಾಸ್ಟರ್ ಚೀಫ್. ಪ್ರತಿ ಮೆಟ್ಟಿಲಿಗೂ ಪರೀಕ್ಷೆ, ಕೋರ್ಸ್, ಮೇಲಿನವರ ವರದಿ. ವಯಸ್ಸು ಚಿಕ್ಕದಿದ್ದಾಗಲೇ ಕಮಿಷನ್, ಅಂದರೆ ಆಫೀಸರ್ ಹುದ್ದೆ, ಪಡೆಯಲು 'ಕಮಿಷನ್ ವರ್ದಿ' (commission worthy) ಅನ್ನುವ ದಾರಿ ಇದೆ. ಕಮಾಂಡಿಂಗ್ ಆಫೀಸರ್ ಶಿಫಾರಸು ಮಾಡಿದರೆ ನಾವಿಕನೇ ಆಫೀಸರ್ ಆಯ್ಕೆಯ ಸಂದರ್ಶನಕ್ಕೆ, ಅಂದರೆ ಎಸ್‌ಎಸ್‌ಬಿಗೆ ಹೋಗಬಹುದು. ಅನುಭವ ಜಾಸ್ತಿ ಆದವರಿಗೆ ಸ್ಪೆಷಲ್ ಡ್ಯೂಟೀಸ್ ಕಮಿಷನ್. ನನಗೆ ಸಿಕ್ಕಿದ್ದು ಎರಡನೆಯದು. ತಲೆ ಅರ್ಧ ನರೆತ ಮೇಲೆ ಆಫೀಸರ್‌ಗಳ ಮೊದಲ ಮೆಟ್ಟಿಲಾದ ಸಬ್ ಲೆಫ್ಟಿನೆಂಟ್! ಜೊತೆಗಿದ್ದ ಬೇರೆ ಸಬ್ ಲೆಫ್ಟಿನೆಂಟ್‌ಗಳಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ನಗುವವರು ನಕ್ಕರು. ಆದರೆ ರಾತ್ರಿ ಎರಡು ಗಂಟೆಗೆ ರೇಡಿಯೊ ಲಿಂಕ್ ಕಡಿದುಹೋದಾಗ ಬಂದು ನನ್ನ ಬಾಗಿಲು ತಟ್ಟುತ್ತಿದ್ದವರೂ ಅವರೇ. ರಾತ್ರಿ ಹೊತ್ತು ಯಾವ ಫ್ರೀಕ್ವೆನ್ಸಿಗೆ ಇಳಿಯಬೇಕು ಅನ್ನೋದು ಪುಸ್ತಕದಲ್ಲಿ ಇರುತ್ತದೆ, ಅದು ಯಾವಾಗ ಕೈಕೊಡುತ್ತದೆ ಅನ್ನೋದು ಆ ಕುರ್ಚಿಯಲ್ಲಿ ಕೂತವನಿಗೇ ಗೊತ್ತು, ಅಲ್ವಾ?

ಎಲ್ಲರೂ ಆಫೀಸರ್ ಆಗುವುದಿಲ್ಲ, ಅದನ್ನೂ ಹೇಳಬೇಕು. 2022ರಿಂದ ನಾವಿಕರ ನೇಮಕಾತಿ ಅಗ್ನಿಪಥದಲ್ಲಿ ನಡೆಯುತ್ತಿದೆ. ಯೋಜನೆಯ ಪ್ರಕಾರ ನಾಲ್ಕು ವರ್ಷ ಸೇವೆ, ಆಮೇಲೆ ಉಳಿಸಿಕೊಳ್ಳುವುದು ಶೇ. 25ರವರೆಗೆ. ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪೆನ್ಶನ್ ಇಲ್ಲ. ನಮಗಿದ್ದಷ್ಟು ಸಲೀಸಾದ ದಾರಿ ಈಗಿಲ್ಲ, ನನಗೆ ಇದು ಅಷ್ಟೇನೂ ಹಿಡಿಸಿಲ್ಲ. ರೇಡಿಯೊ ಆಪರೇಟರ್ ಪಳಗಲು ನಾಲ್ಕು ವರ್ಷ ಸಾಲದು ಅಂತ ನನ್ನ ಅಭಿಪ್ರಾಯ. ಇನ್ನೊಂದು ಕಡೆ, ಹುಡುಗಿಯರೂ ನಾವಿಕರಾಗಿ ಸೇರುವಂತಾಗಿದ್ದು ಇದರಿಂದಲೇ. 2023ರ ಮಾರ್ಚ್‌ನಲ್ಲಿ ಚಿಲ್ಕಾದಿಂದ ಹೊರಬಂದ ಮೊದಲ ತಂಡದಲ್ಲಿ ಅವರಿದ್ದರು. ಇದೆಲ್ಲ ಮನೆಯವರಿಗೆ ಗೊತ್ತಿರಲಿ, ಲೆಕ್ಕ ಹಾಕಿಯೇ ಕಳಿಸಲಿ. "ಖಲಾಸಿ" ಅಂತ ಹೀಯಾಳಿಸಿ ತಡೆಯುವುದು ಮಾತ್ರ ಬೇಡ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಎನ್‌ಡಿಎ ಪ್ರಕಟಣೆ ಹಾಕುವ ಹಾಗೆ ನಾವಿಕರ ನೇಮಕಾತಿ ಪ್ರಕಟಣೆಯನ್ನೂ ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಿ. ಕೂಡಿಗೆಯ ಸೈನಿಕ ಶಾಲೆ ಮಕ್ಕಳಿಗೆ ಹೇಳಿಕೊಡುವವರಿದ್ದಾರೆ. ಸೋಮವಾರಪೇಟೆ, ನಾಪೋಕ್ಲು, ಪೊನ್ನಂಪೇಟೆ ಕಡೆ ಪಿಯುಸಿಯಲ್ಲಿ ಗಣಿತ, ಫಿಸಿಕ್ಸ್ ಓದುವ ಎಷ್ಟೋ ಮಕ್ಕಳಿಗೆ ಅರ್ಜಿ ಕರೆದಿದ್ದೇ ಗೊತ್ತಾಗುವುದಿಲ್ಲ. ಯಾವ ಕಾಲೇಜಿನವರು ಕರೆದರೂ ಬಂದು ಮಾತಾಡಲು ನಾನು ತಯಾರು. ಈಗ ಕಾಫಿ ಕೊಯ್ಲಿನ ಸಮಯ, ಹಾಗಾಗಿ ಭಾನುವಾರ, ಇಲ್ಲವೇ ಶನಿವಾರ ಮಧ್ಯಾಹ್ನದ ಮೇಲೆ ಆದೀತು. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

– ನಿವೃತ್ತ ನೌಕಾಪಡೆ ಅಧಿಕಾರಿ, ಗೋಣಿಕೊಪ್ಪಲು