ಚಿತ್ರಮಂದಿರಕ್ಕೆ ಬರುವ ಸಂಗೀತ ನಾಟಕಗಳು: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ರಂಗದ ಮೇಲಿನ ಸಂಗೀತ ನಾಟಕವನ್ನು ಚಿತ್ರೀಕರಿಸಿ ಚಿತ್ರಮಂದಿರದಲ್ಲಿ ತೋರಿಸುವುದೆಂದರೆ ಸಭಾಂಗಣದ ಹಿಂದೆ ಒಂದು ಕ್ಯಾಮೆರಾ ನಿಲ್ಲಿಸುವುದಲ್ಲ ಎಂಬುದನ್ನು ಚರ್ಚೆಯಲ್ಲಿ ದಯವಿಟ್ಟು ಗಮನದಲ್ಲಿಡಿ. ನ್ಯೂಯಾರ್ಕ್‌ನ ಪ್ರಸಿದ್ಧ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯ ‘ಹ್ಯಾಮಿಲ್ಟನ್’ ಸಂಗೀತ ನಾಟಕವನ್ನು 2016ರ ಜೂನ್‌ನಲ್ಲಿ ಚಿತ್ರೀಕರಿಸಿದಾಗ, ಪ್ರೇಕ್ಷಕರಿದ್ದ ಪ್ರದರ್ಶನಗಳ ಜೊತೆಗೆ ಕೆಲವು ಹಾಡುಗಳನ್ನು ಖಾಲಿ ಸಭಾಂಗಣದಲ್ಲಿ ಮತ್ತೊಮ್ಮೆ ಆಡಿಸಿ, ಕ್ಯಾಮೆರಾವನ್ನು ಕಲಾವಿದರ ಸಮೀಪಕ್ಕೆ ಒಯ್ದು ಸೆರೆಹಿಡಿಯಲಾಯಿತು. 2020ರಲ್ಲಿ ಡಿಸ್ನಿ ಪ್ಲಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಬಿಡುಗಡೆಯಾದ ಆ ಚಿತ್ರ 2025ರಲ್ಲಿ ಅಮೆರಿಕದ ಚಿತ್ರಮಂದಿರಗಳನ್ನೂ ತಲುಪಿತು.

ಸಮೀಪದ ದೃಶ್ಯದಿಂದ, ಹಿಂದಿನ ಸಾಲಿನವರಿಗೆ ಎಂದೂ ಕಾಣದ ಮುಖಭಾವ ದೊರೆಯುತ್ತದೆ. ಆದರೆ ಸಮೂಹ ನೃತ್ಯದಲ್ಲಿ ಯಾರನ್ನು ನೋಡಬೇಕೆಂಬ ಪ್ರೇಕ್ಷಕರ ಆಯ್ಕೆಯನ್ನು ಸಂಕಲನಕಾರರೇ ಮಾಡಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಚರ್ಚಿಸಲೇಬೇಕಾದ ವಿಷಯವಿದು. ಇಂಥ ಚಿತ್ರಗಳನ್ನು ನೋಡಿದವರು ಈ ಕುರಿತು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಪ್ರದರ್ಶನದ ವೇಳೆ ಅನುಮತಿಯಿಲ್ಲದೆ ಮೊಬೈಲ್‌ನಲ್ಲಿ ತೆಗೆದ ತುಣುಕುಗಳನ್ನು ಇಲ್ಲಿ ಹಂಚಬಾರದು.